ಕೆಂಪು ಗುಡ್ಡಗಳ ಜಾರ್ಜಿಯಾ ಓಕೀಫ್

ಫೋರ್ಡ್ ಕಂಪೆನಿಯ ಹಳೆಯ ‘ಎ’ ಮಾದರಿಯ ಮೋಟಾರು ಕಾರನ್ನು ಕಂಡವರು ಈಗ ವಿರಳ. ಪೆಟ್ಟಿಗೆಯಂತಹ ಒಡಲು, ಎತ್ತರವಾದ ಕಿಟಕಿಗಳು, ಒಳಗೆ ಧಾರಾಳವಾದ ಬೆಳಕು. ಅದರ ಮುಂದಿನ ಆಸನದ ತಿರುಪುಗಳನ್ನು ಬಿಚ್ಚಿ, ಆಸನವನ್ನು ಹಿಮ್ಮುಖವಾಗಿ ತಿರುಗಿಸಿಕೊಂಡು ಕುಳಿತರೆ, ಹಿಂದಿನ ಆಸನವೇ ಚಿತ್ರಪಟವನ್ನು ಆನಿಸಿಡುವ ಪೀಠವಾಗುತ್ತದೆ. ಮೂವತ್ತು ಅಂಗುಲಕ್ಕೆ ನಲವತ್ತು ಅಂಗುಲದ ಪಟ ಅಲ್ಲಿ ನಿರಾಯಾಸವಾಗಿ ಹಿಡಿಸುತ್ತದೆ. ಅಮೆರಿಕದ ನೈಋತ್ಯ ಭಾಗದಲ್ಲಿರುವ ನ್ಯೂ ಮೆಕ್ಸಿಕೋ ಸಂಸ್ಥಾನದ ಮರುಭೂಮಿಯಲ್ಲಿ, ನಲವತ್ತು ದಾಟಿದ ಹೆಂಗಸೊಬ್ಬಳು ಹೀಗೆ ಕಾರನ್ನೇ ಕೋಣೆಯನ್ನಾಗಿ ಮಾಡಿಕೊಂಡು ದಿನವೆಲ್ಲ ಚಿತ್ರ ಬರೆಯುತ್ತಿದ್ದಳು. ಬಿಸಿಲು ನೆತ್ತಿಗೇರಿದಾಗ, ಸುತ್ತಲೂ ಮೈಲಿಗಟ್ಟಲೆ ಒಂದು ಮರವೂ ಇಲ್ಲದೆ, ಕಾರಿನ ಕೆಳಗಿನ ನೆರಳಿನಲ್ಲಿ ನುಸುಳಿ ಮಲಗುತ್ತಿದ್ದಳು. ಇಳಿಹೊತ್ತಿನಲ್ಲಿ ಜೇನುಹುಳುಗಳು ಒಳಗೆ ನುಗ್ಗಿ ಕಾಡಿದರೆ ಕಿಟಕಿಗಳನ್ನೇರಿಸಿ, ಆ ಕಾವಿನಲ್ಲಿಯೇ ಬೆವರುತ್ತ ಕೆಲಸ ಮುಂದುವರಿಸುತ್ತಿದ್ದಳು. ಆಕೆಯೇ ಜಾರ್ಜಿಯಾ ಓಕೀಫ್. ಇಪ್ಪತ್ತನೆಯ ಶತಮಾನದ ಅಮೆರಿಕದ ವರ್ಣಚಿತ್ರಕಾರರಲ್ಲಿ ಅಗ್ರಪಂಕ್ತಿಗೆ ಸೇರಿದವಳು.

ಚಿತ್ರಕಲೆಯ ವಿಮರ್ಶೆ ನನ್ನ ಕ್ಷೇತ್ರವಲ್ಲ. ನಾನು ತರಗತಿಯಲ್ಲಿ ಹಳಗನ್ನಡ ಕಾವ್ಯ ಪಾಠ ಹೇಳುವವನು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ಒಂದು ಸಂದೇಹ ನನ್ನನ್ನು ಆಗಾಗ ಬಾಧಿಸಿದೆ. ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ ಎಲ್ಲವೂ ಆ ಪಟ್ಟಿಯಲ್ಲಿವೆ; ಮರುಭೂಮಿಗೆ ಅಲ್ಲಿ ಸ್ಥಳವಿಲ್ಲ. ಅದು ಹೋಗಲಿ, ಪರ್ವತವನ್ನು ವರ್ಣಿಸಿದ ಕವಿಗಳಲ್ಲಿ ಎಷ್ಟು ಮಂದಿ ಆ ಪರ್ವತವನ್ನು ಹತ್ತಿದ್ದರು? ಎಷ್ಟು ಮಂದಿ ಪೂರ್ವಕವಿಗಳ ಪದ್ಯಗಳನ್ನೇ ಮೆಟ್ಟಿಲಾಗಿ ಮಾಡಿಕೊಂಡು ಮೇಲೇರಿದರು? ಓಕೀಫಳ ಗುಡ್ಡಗಳ ಚಿತ್ರಗಳ ಅಚ್ಚುಪ್ರತಿಗಳನ್ನು ಗ್ರಂಥಾಲಯದ ಪುಸ್ತಕವೊಂದರಲ್ಲಿ ಮೊದಲ ಬಾರಿ ನೋಡಿದಾಗ ಈ ಪ್ರಶ್ನೆಯೇ ಮತ್ತೆ ಎದ್ದಿತು. ಆಕೆಯ ಜೀವನವನ್ನು ಸಾಮಾನ್ಯವಾಗಿ ಒಂದು ದಾಂಪತ್ಯದ ಕಥೆಯಾಗಿಯೋ ದೊಡ್ಡ ಹೂವುಗಳ ಚಿತ್ರಗಳ ಕಥೆಯಾಗಿಯೋ ಹೇಳುವುದುಂಟು. ನನಗೆ ಅದು ನಡಿಗೆಯ ಕಥೆಯಾಗಿ ಕಾಣುತ್ತದೆ.

ಜಾರ್ಜಿಯಾ ಹುಟ್ಟಿದ್ದು ೧೮೮೭ರ ನವೆಂಬರ್ ೧೫ರಂದು, ವಿಸ್ಕಾನ್ಸಿನ್ ಸಂಸ್ಥಾನದ ಸನ್ ಪ್ರೇರಿ ಎಂಬ ಊರಿನ ಬಳಿಯ ಹೈನುಗಾರರ ಮನೆಯಲ್ಲಿ; ಏಳು ಮಕ್ಕಳಲ್ಲಿ ಎರಡನೆಯವಳು. ಷಿಕಾಗೋದಲ್ಲಿ, ಅನಂತರ ನ್ಯೂಯಾರ್ಕಿನಲ್ಲಿ ಚಿತ್ರಕಲೆಯನ್ನು ಕಲಿತಳು. ೧೯೦೮ರಲ್ಲಿ ಬಹುಮಾನವನ್ನೂ ಪಡೆದಳು. ಆದರೆ ಬಹುಮಾನ ಬಂದದ್ದು ಗುರುಗಳ ಶೈಲಿಯನ್ನು ಚೆನ್ನಾಗಿ ಅನುಸರಿಸಿದುದಕ್ಕೆ. ಅನುಕರಣೆಯಲ್ಲಿ ಗೆದ್ದವಳಿಗೆ ಅನುಕರಣೆಯ ಮೇಲೆಯೇ ಜುಗುಪ್ಸೆ ಹುಟ್ಟಿ, ಕೆಲವು ವರ್ಷ ಕುಂಚವನ್ನು ಕೆಳಗಿಟ್ಟಳು. ಆರ್ಥರ್ ವೆಸ್ಲಿ ಡೋ ಎಂಬ ಅಧ್ಯಾಪಕರ ವಿಚಾರಗಳು ೧೯೧೨ರಲ್ಲಿ ಆಕೆಯ ಕಿವಿಗೆ ಬಿದ್ದ ಮೇಲೆ ಮತ್ತೆ ಉತ್ಸಾಹ ಮೂಡಿತು. ಜಪಾನಿನ ಕಲೆಯಿಂದ ಸ್ಫೂರ್ತಿ ಪಡೆದಿದ್ದ ಡೋ, ವಸ್ತುವನ್ನು ಇದ್ದಂತೆ ನಕಲು ಮಾಡುವುದಕ್ಕಿಂತ ಅವಕಾಶವನ್ನು ಸುಂದರವಾಗಿ ತುಂಬುವುದೇ ಚಿತ್ರಕಾರನ ಕರ್ತವ್ಯವೆಂದು ಬೋಧಿಸುತ್ತಿದ್ದರು.

ಹೊಟ್ಟೆಪಾಡಿಗಾಗಿ ಆಕೆ ಉಪಾಧ್ಯಾಯಿನಿಯಾದಳು. ೧೯೧೬ರಿಂದ ೧೯೧೮ರ ವರೆಗೆ ಟೆಕ್ಸಾಸ್ ಸಂಸ್ಥಾನದ ಕ್ಯಾನ್ಯನ್ ಎಂಬ ಸಣ್ಣ ಊರಿನ ಶಿಕ್ಷಕರ ಕಾಲೇಜಿನಲ್ಲಿ ಕಲಿಸಿದಳು. ಮರವಿಲ್ಲದ, ಎಲ್ಲೆಯಿಲ್ಲದ ಬಯಲು ಅದು. ಮೇಲೆ ಆಕಾಶ, ಕೆಳಗೆ ನೆಲ, ನಡುವೆ ಗಾಳಿ. ಅಲ್ಲಿಗೆ ಹನ್ನೆರಡು ಮೈಲಿಗಳಷ್ಟು ದೂರದಲ್ಲಿ ಬಯಲು ಒಮ್ಮೆಲೇ ಬಿರಿದು ಪಾಲೊ ಡ್ಯುರೊ ಎಂಬ ಆಳವಾದ ಕಮರಿಯಾಗುತ್ತದೆ. ಕೆಂಪು, ಹಳದಿ, ಕಿತ್ತಳೆ ಬಣ್ಣಗಳ ಪದರಗಳು ಅಲ್ಲಿ ಬರಿಮೈಯಾಗಿ ನಿಂತಿವೆ. ದನಗಳು ತುಳಿದ ಕಾಲುದಾರಿಯೇ ಇಳಿಯುವ ದಾರಿ. ಜಾರ್ಜಿಯಾಳೂ ತಂಗಿ ಕ್ಲಾಡಿಯಾಳೂ ಒಂದೇ ಕೋಲಿನ ಎರಡು ತುದಿಗಳನ್ನು ಹಿಡಿದುಕೊಂಡು, ಒಬ್ಬಳು ಜಾರಿದರೆ ಇನ್ನೊಬ್ಬಳು ತಡೆಯುವಂತೆ, ಆ ಕಡಿದಾದ ಇಳಿಜಾರುಗಳನ್ನು ಇಳಿಯುತ್ತಿದ್ದರು. ಅಂಗಾಲಿನಿಂದ ಕಣ್ಣಿಗೇರುವ ವಿದ್ಯೆಯನ್ನು ಆಕೆ ಕಲಿತದ್ದು ಅಲ್ಲಿ ಎಂದೇ ನನ್ನ ಭಾವನೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳಿಗೆ ಶನಿವಾರ ಭಾನುವಾರಗಳಲ್ಲಿ ಕಮರಿ ಪಾಠ ಹೇಳುತ್ತಿದ್ದಿತು.

ಈ ನಡುವೆ ನ್ಯೂಯಾರ್ಕಿನಲ್ಲಿ ಒಂದು ಘಟನೆ ನಡೆದಿದ್ದಿತು. ಜಾರ್ಜಿಯಾ ೧೯೧೫ರಲ್ಲಿ ಬರೆದ ಇದ್ದಿಲಿನ ರೇಖಾಚಿತ್ರಗಳನ್ನು ಗೆಳತಿ ಅನಿತಾ ಪಾಲಿಟ್ಸರ್ ೧೯೧೬ರ ಹೊಸವರ್ಷದ ದಿನ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಪ್ರಖ್ಯಾತ ಛಾಯಾಗ್ರಾಹಕನಿಗೆ ತೋರಿಸಿದಳು. ಆತ ಬೆರಗಾಗಿ, ಚಿತ್ರಕರ್ತೆಯ ಅಪ್ಪಣೆಯನ್ನೂ ಕೇಳದೆ ಅವುಗಳನ್ನು ತನ್ನ ಗ್ಯಾಲರಿಯಲ್ಲಿ ಪ್ರದರ್ಶಿಸಿದ. ಆಕೆ ಕೋಪಿಸಿಕೊಂಡು ಕೇಳಲು ಹೋದಳು. ಕೋಪ ಪರಿಚಯವಾಗಿ, ಪರಿಚಯ ಪತ್ರವ್ಯವಹಾರವಾಗಿ, ೧೯೧೮ರಲ್ಲಿ ಆಕೆ ನ್ಯೂಯಾರ್ಕಿಗೆ ಬಂದು ನೆಲಸುವಂತಾಯಿತು. ೧೯೨೪ರಲ್ಲಿ ಮದುವೆ. ಆತ ಇಪ್ಪತ್ಮೂರು ವರ್ಷ ಹಿರಿಯ. ಆಕೆಯನ್ನು ಲೋಕಕ್ಕೆ ಪರಿಚಯಿಸಿದವನು ಆತನೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ತಾನು ಕಂಡಂತೆಯೇ ಲೋಕವೂ ಆಕೆಯನ್ನು ಕಾಣಬೇಕೆಂಬ ಹಟವೂ ಆತನಿಗೆ ಇದ್ದಿತು. ಆಕೆಯ ಮುನ್ನೂರಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ತೆಗೆದ. ಆಕೆ ಬರೆದ ಹೂವುಗಳಲ್ಲಿ ವಿಮರ್ಶಕರು ಹೆಣ್ಣಿನ ದೇಹವನ್ನೇ ಕಂಡರು; ಆಕೆ ಕೊನೆಯ ವರೆಗೂ ಆ ವ್ಯಾಖ್ಯಾನವನ್ನು ಒಪ್ಪಲಿಲ್ಲ. ಬೇಸಿಗೆಗಳಲ್ಲಿ ಲೇಕ್ ಜಾರ್ಜ್ ಎಂಬಲ್ಲಿ ಗಂಡನ ದೊಡ್ಡ ಕುಟುಂಬದ ನಡುವೆ ಇರಬೇಕಾಗಿದ್ದಿತು. ಎಲ್ಲಿ ನೋಡಿದರೂ ಹಸುರು, ಎಲ್ಲಿ ತಿರುಗಿದರೂ ನೆಂಟರು. ಹಸುರನ್ನು ಕಂಡು ಉಸಿರುಕಟ್ಟುವುದೆಂದರೆ ನಮ್ಮ ಮಲೆನಾಡಿನವರಿಗೆ ವಿಚಿತ್ರವೆನಿಸೀತು. ಬಯಲಿನ ರುಚಿ ಕಂಡವಳಿಗೆ ಅದು ಸಹಜವೇ.

೧೯೨೯ರ ಬೇಸಿಗೆಯಲ್ಲಿ, ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, ಆಕೆ ಗೆಳತಿಯೊಬ್ಬಳೊಡನೆ ರೈಲು ಹತ್ತಿ ನ್ಯೂ ಮೆಕ್ಸಿಕೋದ ಟಾವೋಸಿಗೆ ಹೋದಳು. ಅಲ್ಲಿ ಕಾರು ನಡೆಸುವುದನ್ನು ಕಲಿತು, ಹಿಂದೆ ಹೇಳಿದ ಫೋರ್ಡ್ ಕಾರನ್ನು ಕೊಂಡಳು. ಇದೊಂದು ಸಣ್ಣ ಸಂಗತಿಯೆಂದು ತೋರಬಹುದು, ನನಗೆ ಹಾಗೆನ್ನಿಸುವುದಿಲ್ಲ. ಅದುವರೆಗೆ ಇನ್ನೊಬ್ಬರು ಕರೆದುಕೊಂಡು ಹೋದ ಕಡೆಗೆ ಹೋಗುತ್ತಿದ್ದವಳು ಅಂದಿನಿಂದ ತನಗೆ ಬೇಕಾದ ಕಡೆ ಹೋಗಿ, ಬೇಕಾದಷ್ಟು ಹೊತ್ತು ನಿಲ್ಲತೊಡಗಿದಳು. ಗಂಡ ಅಲ್ಲಿಗೆ ಒಮ್ಮೆಯೂ ಬರಲಿಲ್ಲ. ಚಳಿಗಾಲಕ್ಕೆ ನ್ಯೂಯಾರ್ಕು, ಬೇಸಿಗೆಗೆ ಮರುಭೂಮಿ ಎಂಬ ಕ್ರಮ ನಿಧಾನವಾಗಿ ಏರ್ಪಟ್ಟಿತು.

ಆ ಏರ್ಪಾಡು ಸುಲಭವಾಗಿ ಆದುದಲ್ಲ. ಗಂಡನ ಒಲವು ಮತ್ತೊಬ್ಬ ತರುಣಿಯ ಕಡೆಗೆ ತಿರುಗಿದ್ದ ಕಾಲ ಅದು. ೧೯೩೨ರಲ್ಲಿ ನ್ಯೂಯಾರ್ಕಿನ ರೇಡಿಯೋ ಸಿಟಿ ಸಭಾಂಗಣದ ಗೋಡೆಯೊಂದಕ್ಕೆ ಚಿತ್ರ ಬರೆಯುವ ಕೆಲಸವನ್ನು ಆತನ ಇಷ್ಟಕ್ಕೆ ವಿರೋಧವಾಗಿ ಒಪ್ಪಿಕೊಂಡಳು, ಗೋಡೆಗೆ ಅಂಟಿಸಿದ ಪಟ ಕಿತ್ತುಬಂದು ಕೆಲಸ ಕೆಟ್ಟಿತು, ಮನಸ್ಸೂ ಕುಸಿಯಿತು. ೧೯೩೩ರ ಆರಂಭದಲ್ಲಿ ಆಸ್ಪತ್ರೆ ಸೇರಿದಳು. ಒಂದು ವರ್ಷಕ್ಕೂ ಮಿಕ್ಕು ಕುಂಚ ಹಿಡಿಯಲಿಲ್ಲ. ಮತ್ತೆ ಮರುಭೂಮಿಗೆ ಬಂದದ್ದು ೧೯೩೪ರಲ್ಲಿ. ಆ ಬೇಸಿಗೆಯಲ್ಲಿಯೇ ಘೋಸ್ಟ್ ರಾಂಚ್ ಎಂಬ ಸ್ಥಳ ಆಕೆಯ ಕಣ್ಣಿಗೆ ಬಿದ್ದಿತು. ಅದರ ಹಳೆಯ ಸ್ಪ್ಯಾನಿಷ್ ಹೆಸರಿಗೆ ಮಾಟಗಾರರ ಹಟ್ಟಿ ಎಂದು ಅರ್ಥ. ದನಗಳ್ಳರು ಅಡಗಿದ್ದ ಜಾಗವೆಂದೂ ದೆವ್ವಗಳ ಕಾಟವಿತ್ತೆಂದೂ ಕಥೆಗಳಿದ್ದುವು.

ಈ ಸ್ಥಳದ ಸ್ವರೂಪವನ್ನು ಕೊಂಚ ವಿಸ್ತರಿಸಿ ಹೇಳಬೇಕು. ಸಮುದ್ರಮಟ್ಟದಿಂದ ಸುಮಾರು ೬,೫೦೦ ಅಡಿ ಎತ್ತರದ ಒಣನೆಲ. ತಳದಲ್ಲಿ ಚಿನ್ಲಿ ಎಂಬ ಹೆಸರಿನ, ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದಿನ ಜೇಡಿಶಿಲೆ. ಇಟ್ಟಿಗೆಗೆಂಪಿನಿಂದ ನೇರಿಳೆಯ ವರೆಗೆ ಅದರ ಛಾಯೆಗಳು. ಅದರ ಮೇಲೆ ಎಂಟ್ರಾಡಾ ಎಂಬ ಮರಳುಗಲ್ಲಿನ ಕಡಿದಾದ ಗೋಡೆ; ಕೆಳಗೆ ಕೆಂಪು, ಮೇಲೆ ಬಿಳುಪು ಮತ್ತು ಹಳದಿ. ಗೋಡೆಯ ತಲೆಯ ಮೇಲೆ ಸುಣ್ಣಗಲ್ಲು ಮತ್ತು ಜಿಪ್ಸಮ್ಮಿನ ಬೂದುಬಣ್ಣದ ಮುಚ್ಚಳ. ಕೆಂಪಿಗೆ ಕಾರಣ ಕಬ್ಬಿಣ. ಗಾಳಿಯ ಆಮ್ಲಜನಕದೊಡನೆ ಬೆರೆತು ತುಕ್ಕು ಹಿಡಿದ ಕಬ್ಬಿಣ. ನಮ್ಮ ಕಾವಿಮಣ್ಣಿನ ಕೆಂಪೂ ಅದೇ. ಚಿತ್ರಕಾರರು ಬಳಸುವ ಕಾವಿ, ಹಳದಿ, ಕಂದು ಬಣ್ಣಗಳಲ್ಲಿ ಅನೇಕವು ಮೂಲತಃ ಇಂತಹ ಮಣ್ಣುಗಳೇ ಆದುದರಿಂದ, ಓಕೀಫ್ ಕಾರಿನೊಳಗೆ ಕುಳಿತು ಮಣ್ಣಿನ ಬಣ್ಣದಿಂದ ಮಣ್ಣಿನ ಚಿತ್ರವನ್ನೇ ಬರೆಯುತ್ತಿದ್ದಳು. ಇದೇ ಚಿನ್ಲಿ ಪದರದಲ್ಲಿ, ಘೋಸ್ಟ್ ರಾಂಚಿನಲ್ಲಿಯೇ, ೧೯೪೭ರಲ್ಲಿ ಎಡ್ವಿನ್ ಕೋಲ್ಬರ್ಟ್ ಎಂಬ ವಿದ್ವಾಂಸನ ತಂಡಕ್ಕೆ ಸೀಲೋಫೈಸಿಸ್ ಎಂಬ ಸಣ್ಣ ಡೈನೊಸಾರಿನ ಅಸ್ಥಿಪಂಜರಗಳು ರಾಶಿರಾಶಿಯಾಗಿ ದೊರೆತುವು.

ದೂರದಿಂದ ನೋಡಿದರೆ ಈ ಕೆಂಪು ಗುಡ್ಡಗಳು ಕಲ್ಲಿನವೆಂದೇ ಭ್ರಮೆಯಾಗುತ್ತದೆ. ಕಾಲಿಟ್ಟರೆ ಮೇಲುಪದರ ಹುರಿದ ಅರಳಿನಂತೆ ಪುಡಿಯಾಗಿ ಕುಸಿಯುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಅಂಟಾಗಿ ಬೂಟುಗಳಿಗೆ ಹೆಂಟೆಕಟ್ಟುತ್ತದೆ. ಮಳೆಯ ನೀರು ಕೊರೆದ ಸಣ್ಣ ಕೊರಕಲುಗಳು ಗುಡ್ಡದ ಮೈಮೇಲೆ ವೃದ್ಧೆಯ ಚರ್ಮದ ಸುಕ್ಕುಗಳಂತೆ ಇಳಿದಿರುತ್ತವೆ. ಓಕೀಫಳ ಚಿತ್ರಗಳಲ್ಲಿ ಗುಡ್ಡಗಳು ಬಂಡೆಯಂತೆ ಬಿಗಿಯಾಗಿರದೆ ಮಡಿಕೆ ಮಡಿಕೆಯಾಗಿ, ಮೃದುವಾಗಿ, ಮೈಯುಳ್ಳ ಪ್ರಾಣಿಗಳಂತೆ ಮಲಗಿರುವುದನ್ನು ಕಂಡು ಮೊದಲು ನಾನು ಅದನ್ನು ಕಲ್ಪನೆಯೆಂದು ಬಗೆದಿದ್ದೆ. ಆ ಮಣ್ಣಿನ ಗುಣವನ್ನು ಓದಿದ ಮೇಲೆ ಅದು ಕಂಡುಂಡ ಸತ್ಯವೆಂದು ತಿಳಿಯಿತು. ಕಾರಿನ ಕಿಟಕಿಯಿಂದ ಮಾತ್ರ ನೋಡಿದ್ದರೆ ಆಕೆಗೂ ನನ್ನ ಭ್ರಮೆಯೇ ಆಗುತ್ತಿತ್ತೇನೋ. ಸೂರ್ಯೋದಯಕ್ಕೆ ಮುಂಚೆ ಎದ್ದು ನಡೆಯುವುದು ಆಕೆಯ ಅಭ್ಯಾಸ. ಕೈಯಲ್ಲಿ ಊರುಗೋಲು, ಅದು ಹಾವುಗಳಿಗೂ ಉಪಯೋಗಕ್ಕೆ ಬರುತ್ತಿದ್ದಿತು. ಕೊಂದ ಬುಡುಬುಡಿಕೆ ಹಾವುಗಳ ಬಾಲದ ಗಿಲಕಿಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದಳು! ಮೋಟಾರು ಆಕೆಯನ್ನು ದಾರಿ ಮುಗಿಯುವಲ್ಲಿಗೆ ಕೊಂಡೊಯ್ಯುತ್ತಿದ್ದಿತು, ಅಷ್ಟೆ. ಅಲ್ಲಿಂದ ಮುಂದೆ ಕಾಲ್ನಡಿಗೆ.

ನಡೆಯುವವಳಿಗೆ ಸಿಕ್ಕಿದುದು ಎಲುಬುಗಳು. ಬರಗಾಲದಲ್ಲಿ ಸತ್ತ ದನಕುದುರೆಗಳ ಅಸ್ಥಿಗಳು ಬಿಸಿಲಿಗೆ ಬೆಳ್ಳಗಾಗಿ ಎಲ್ಲೆಡೆಯೂ ಬಿದ್ದಿದ್ದುವು. ಹೂವು ಸಿಗದ ಕಡೆ ಆಕೆ ಎಲುಬನ್ನು ಆರಿಸಿಕೊಂಡಳು. ಪೀಪಾಯಿಯಲ್ಲಿ ತುಂಬಿ ನ್ಯೂಯಾರ್ಕಿಗೂ ಕಳುಹಿಸಿದಳು. ೧೯೩೧ರ ಹಸುವಿನ ತಲೆಬುರುಡೆಯ ಚಿತ್ರ ಬಹು ಪ್ರಸಿದ್ಧ. ೧೯೪೩ರಿಂದ ಕಟಿಯೆಲುಬುಗಳನ್ನು ಎತ್ತಿ ಹಿಡಿದು, ಅವುಗಳ ರಂಧ್ರದಲ್ಲಿ ತೋರುವ ನೀಲಾಕಾಶವನ್ನು ಬರೆದಳು. ನಗರದ ವಿಮರ್ಶಕರು ಇವುಗಳಲ್ಲಿ ಮೃತ್ಯುವಿನ ಸಂಕೇತವನ್ನು ಕಂಡರು. ಆಕೆಗಾದರೋ ಅವು ಮರುಭೂಮಿಯಲ್ಲಿ ಉಳಿದ ಅತ್ಯಂತ ಜೀವಂತ ವಸ್ತುಗಳು. ಈ ವಿಷಯದಲ್ಲಿ ನಾನು ಆಕೆಯ ಪಕ್ಷ. ಪ್ರತಿಯೊಂದು ಎಲುಬಿನ ಹಿಂದೆಯೂ ಬಿಸಿಲಿನಲ್ಲಿ ಬಗ್ಗಿ ಅದನ್ನೆತ್ತಿಕೊಂಡ ಕೈಯೊಂದಿದೆ; ಸಂಕೇತವನ್ನು ಹುಡುಕಲು ಅಷ್ಟು ದೂರ ನಡೆಯಬೇಕಾಗಿಲ್ಲ.

ಘೋಸ್ಟ್ ರಾಂಚಿನಿಂದ ಸುಮಾರು ನೂರೈವತ್ತು ಮೈಲಿ ಪಶ್ಚಿಮಕ್ಕೆ, ನವಾಹೊ ಜನರ ಸೀಮೆಯಲ್ಲಿ, ಬೂದು ಮತ್ತು ಕಪ್ಪು ಬಣ್ಣದ ಜೇಡಿಗುಡ್ಡಗಳ ಸಾಲೊಂದಿದೆ. ಅದಕ್ಕೆ ಕಪ್ಪು ಜಾಗ ಎಂದು ಆಕೆಯೇ ಹೆಸರಿಟ್ಟಳು. ಆನೆಗಳ ದೊಡ್ಡ ಹಿಂಡೊಂದು ಸಾಲಾಗಿ ಮಲಗಿದ ನೋಟಕ್ಕೆ ಅದನ್ನು ಹೋಲಿಸಿದಳು. ಮರವಿಲ್ಲ, ನೀರಿಲ್ಲ, ಮನುಷ್ಯರ ಸುಳಿವಿಲ್ಲ. ೧೯೪೦ರ ದಶಕದಲ್ಲಿ ಮರಿಯಾ ಷಾಬೋ ಎಂಬ ಗೆಳತಿಯೊಡನೆ ಕಾರಿನಲ್ಲಿ ಡೇರೆ, ನೀರು, ಆಹಾರ, ಬಣ್ಣಗಳನ್ನು ಹೇರಿಕೊಂಡು ಹೋಗಿ ಅಲ್ಲಿ ಬೀಡುಬಿಡುತ್ತಿದ್ದಳು. ಬೀಸುಗಾಳಿಯೂ ಕೊರೆವ ಚಳಿಯೂ ಆ ಬೀಡನ್ನು ಸಾಕಷ್ಟು ಕಾಡಿದುವು. ಐವತ್ತೇಳರ ಪ್ರಾಯದ ಸುಪ್ರಸಿದ್ಧ ಕಲಾವಿದೆಗೆ ಇಷ್ಟೊಂದು ಕಷ್ಟ ಏತಕ್ಕೆ ಎಂದು ಕೇಳಬಹುದು. ಅದೇ ಗುಡ್ಡಗಳ ಅದೇ ಬಿರುಕನ್ನು ಆಕೆ ಮತ್ತೆ ಮತ್ತೆ ಬರೆದಿರುವುದೇ ಅದಕ್ಕೆ ಉತ್ತರ. ಮೊದಲ ಚಿತ್ರಗಳಲ್ಲಿ ಅದು ಗುಡ್ಡವಾಗಿಯೇ ಇದೆ. ಬರಬರುತ್ತ ಗುಡ್ಡ ಕರಗಿ, ಬಣ್ಣ ಮತ್ತು ಬಿರುಕುಗಳಷ್ಟೇ ಉಳಿಯುತ್ತವೆ. ಒಂದು ರಾಗವನ್ನು ಗಂಟೆಗಟ್ಟಲೆ ಆಲಾಪಿಸುವ ಗಾಯಕ ಸಾಹಿತ್ಯವನ್ನು ಬಿಟ್ಟು ಸ್ವರದಲ್ಲಿಯೇ ನಿಲ್ಲುವಂತಹ ಸ್ಥಿತಿ ಅದು.

ಸ್ಟೀಗ್ಲಿಟ್ಸ್ ೧೯೪೬ರ ಜುಲೈ ೧೩ರಂದು ತೀರಿಕೊಂಡ. ಬೇಸಿಗೆಗಳನ್ನೆಲ್ಲ ದೂರದಲ್ಲಿ ಕಳೆದಿದ್ದರೂ ಸಾವಿರಾರು ಪತ್ರಗಳಿಂದ ಬೆಸೆದಿದ್ದ ದಾಂಪತ್ಯವದು; ಗಂಡನ ಕಲಾಸಂಗ್ರಹವನ್ನು ವಿಂಗಡಿಸಿ ವಸ್ತುಸಂಗ್ರಹಾಲಯಗಳಿಗೆ ಒಪ್ಪಿಸುವ ಕೆಲಸದಲ್ಲಿ ಆಕೆ ಸುಮಾರು ಮೂರು ವರ್ಷ ಸವೆದಳು. ೧೯೪೯ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಶಾಶ್ವತವಾಗಿ ನೆಲಸಿದಳು. ಘೋಸ್ಟ್ ರಾಂಚಿನ ಸಣ್ಣ ಮನೆಯನ್ನು ೧೯೪೦ರಲ್ಲಿಯೇ ಕೊಂಡಿದ್ದಳು. ಅಬಿಕ್ಯೂ ಎಂಬ ಹಳ್ಳಿಯಲ್ಲಿ ಪಾಳುಬಿದ್ದಿದ್ದ ಮಣ್ಣುಗೋಡೆಯ ಮನೆಯೊಂದನ್ನು ೧೯೪೫ರಲ್ಲಿ ಚರ್ಚಿನವರಿಂದ ಪಡೆದು, ಷಾಬೋಳ ಮೇಲ್ವಿಚಾರಣೆಯಲ್ಲಿ ಜೀರ್ಣೋದ್ಧಾರ ಮಾಡಿಸಿದಳು. ಅಲ್ಲಿ ನೀರಿದ್ದಿತು, ತರಕಾರಿ ತೋಟ ಮಾಡಬಹುದಾಗಿದ್ದಿತು.

ಘೋಸ್ಟ್ ರಾಂಚಿನ ಮನೆಯ ಎದುರಿಗೆ ದಕ್ಷಿಣದಲ್ಲಿ ಪೆಡರ್ನಲ್ ಎಂಬ ಚಪ್ಪಟೆ ತಲೆಯ ಬೆಟ್ಟವಿದೆ; ಎತ್ತರ ೯,೮೬೨ ಅಡಿ. ಅದನ್ನು ಅನೇಕ ಬಾರಿ ಚಿತ್ರಿಸಿದ ಆಕೆ, ಬೇಕಾದಷ್ಟು ಬಾರಿ ಬರೆದರೆ ದೇವರು ಅದನ್ನು ತನಗೇ ಕೊಟ್ಟುಬಿಡುವನೆಂದು ವಿನೋದವಾಗಿ ಹೇಳುತ್ತಿದ್ದಳು. ಈ ವಿನೋದ ಪ್ರವಾಸಿಗಳಿಗೆ ಬಹಳ ಪ್ರಿಯವಾಗಿದೆ. ನನಗೆ ಅದರಲ್ಲಿ ಸ್ವಲ್ಪ ಕಸಿವಿಸಿ. ಪೆಡರ್ನಲ್ ಎಂಬ ಸ್ಪ್ಯಾನಿಷ್ ಪದಕ್ಕೆ ಚಕಮಕಿ ಕಲ್ಲು ಎಂದು ಅರ್ಥ. ಅಲ್ಲಿನ ಟೇವಾ ಜನರ ಭಾಷೆಯಲ್ಲಿಯೂ ಅದರ ಹೆಸರು ಚಕಮಕಿ ಬೆಟ್ಟವೇ. ಸಾವಿರಾರು ವರ್ಷಗಳಿಂದ ಜನ ಆ ಬೆಟ್ಟಕ್ಕೆ ನಡೆದು ಹೋಗಿ ಬಾಣದ ಮೊನೆಗೂ ಕತ್ತಿಗೂ ಕಲ್ಲು ತಂದಿದ್ದಾರೆ. ನಡೆದವರಿಗೆ ಬೆಟ್ಟ ಸೇರುವುದಾದರೆ ಅವರ ಹಕ್ಕು ಮೊದಲಿನದು. ಓಕೀಫಳ ಚಿತ್ರಗಳಲ್ಲಿ ಮನುಷ್ಯನೇ ಇಲ್ಲ. ಅದು ಅವುಗಳ ಶಕ್ತಿ. ಆದರೆ ಆ ನೆಲದಲ್ಲಿ ಮನುಷ್ಯರು ಇರಲಿಲ್ಲವೆಂದು ನೋಡುವವರು ತಿಳಿದರೆ ತಪ್ಪಾಗುತ್ತದೆ. ಇದನ್ನು ಆಕೆಯ ದೋಷವೆನ್ನಲಾರೆ. ಆಕೆಯ ಕಣ್ಣಿನ ಎಲ್ಲೆ ಎನ್ನಬಹುದು.

೧೯೬೧ರಲ್ಲಿ, ಎಪ್ಪತ್ಮೂರನೆಯ ವಯಸ್ಸಿನಲ್ಲಿ, ಆಕೆ ಛಾಯಾಗ್ರಾಹಕ ಎಲಿಯಟ್ ಪೋರ್ಟರ್ ಮುಂತಾದವರೊಡನೆ ರಬ್ಬರು ದೋಣಿಯಲ್ಲಿ ಕೊಲರಾಡೋ ನದಿಯ ಗ್ಲೆನ್ ಕ್ಯಾನ್ಯನ್ ಕಮರಿಗೆ ಹೋದಳು. ಕಿತ್ತಳೆಗೆಂಪಿನ ಗೋಡೆಗಳು, ಮಗ್ಗುಲಿನ ಇರುಕು ಕಣಿವೆಗಳು, ಅವುಗಳೊಳಗೆ ಹೊತ್ತಿಗೊಂದು ಬಣ್ಣ ತಳೆಯುವ ಬೆಳಕು. ಆ ವೇಳೆಗಾಗಲೇ ಕೆಳಗೆ ಅಣೆಕಟ್ಟು ಏಳುತ್ತಿದ್ದಿತು. ೧೯೬೩ರಲ್ಲಿ ಅದರ ಬಾಗಿಲುಗಳು ಮುಚ್ಚಿದುವು. ಕಮರಿಯ ನೂರೆಂಬತ್ತು ಮೈಲಿಗೂ ಹೆಚ್ಚು ಭಾಗ ಕ್ರಮೇಣ ನೀರಿನಡಿಗೆ ಸೇರಿತು. ಅದೇ ೧೯೬೩ರಲ್ಲಿ ಆಕೆಯ ಮನೆಗೂ ಪೆಡರ್ನಲ್ ಬೆಟ್ಟಕ್ಕೂ ನಡುವೆ ಹರಿಯುವ ಚಾಮಾ ನದಿಗೂ ಅಣೆಕಟ್ಟು ಬಂದಿತು. ಅಣೆಕಟ್ಟಿನ ನೀರು ಉಣ್ಣುವ ನಾಡಿನವನಾದ ನಾನು ಅಣೆಕಟ್ಟನ್ನು ಹಳಿಯಲಾರೆ. ಆದರೂ ಮುಳುಗಲಿರುವ ಕಣಿವೆಯಲ್ಲಿ ಆ ವೃದ್ಧೆ ಕಲ್ಲುಗಳನ್ನು ಆರಿಸುತ್ತ ನಡೆದುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಅನಂತರ ಆಕೆ ಮೇಲೆ ನೋಡಿದಳು. ೧೯೫೯ರಲ್ಲಿ ಭಾರತವನ್ನೂ ಒಳಗೊಂಡು ಲೋಕ ಸುತ್ತಿದಾಗ ವಿಮಾನದಿಂದ ಕಂಡ ನದಿಗಳು, ಮೋಡಗಳು ಚಿತ್ರಗಳಾದುವು. ೧೯೬೫ರಲ್ಲಿ ಘೋಸ್ಟ್ ರಾಂಚಿನ ಮೋಟಾರು ಷೆಡ್ಡಿನಲ್ಲಿ ಎಂಟು ಅಡಿ ಎತ್ತರ, ಇಪ್ಪತ್ತನಾಲ್ಕು ಅಡಿ ಅಗಲದ ಮೋಡಗಳ ಚಿತ್ರವನ್ನು ಬರೆದು ಮುಗಿಸಿದಳು. ಆಗ ಆಕೆಗೆ ಎಪ್ಪತ್ತೇಳು. ಮೊದಲು ಕಾರಿನೊಳಗೆ ಚಿತ್ರ ಬರೆದವಳು ಕೊನೆಗೆ ಕಾರನ್ನು ಹೊರಗೆ ನಿಲ್ಲಿಸಿ ಅದರ ಮನೆಯಲ್ಲಿ ಬರೆದಳು.

೧೯೭೧ರ ವೇಳೆಗೆ ಕಣ್ಣಿನ ನಡುಭಾಗದ ದೃಷ್ಟಿ ಹೋಯಿತು. ಅಂಚಿನಲ್ಲಿ ಮಾತ್ರ ಕೊಂಚ ಕಾಣುತ್ತಿದ್ದಿತು. ಪರಸಹಾಯವಿಲ್ಲದೆ ಬರೆದ ಕೊನೆಯ ತೈಲಚಿತ್ರ ೧೯೭೨ರದು. ಆಮೇಲೆ ಹ್ವಾನ್ ಹ್ಯಾಮಿಲ್ಟನ್ ಎಂಬ ಯುವಕ ಸಹಾಯಕನಾಗಿ ಬಂದು ಜೇಡಿಯ ಕೆಲಸ ಕಲಿಸಿದ; ಕಣ್ಣು ಕೈಬಿಟ್ಟ ಮೇಲೆ ಬೆರಳುಗಳು ಮಣ್ಣನ್ನು ಹಿಡಿದುವು. ೧೯೭೭ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂದಿತು. ಜತೆಗಾರರ ತೋಳು ಹಿಡಿದು ನಡೆಯುವುದನ್ನು ಮಾತ್ರ ಆಕೆ ಬಿಡಲಿಲ್ಲ. ೧೯೮೪ರಲ್ಲಿ ಸಾಂಟಾ ಫೇ ನಗರಕ್ಕೆ ಸ್ಥಳಾಂತರವಾಗಿ, ೧೯೮೬ರ ಮಾರ್ಚ್ ೬ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಮಾಧಿಯಿಲ್ಲ. ಚಿತಾಭಸ್ಮವನ್ನು ಪೆಡರ್ನಲ್ ಬೆಟ್ಟದ ಮೇಲಕ್ಕೆ ಒಯ್ದು ಗಾಳಿಗೆ ತೂರಲಾಯಿತು.